ಔಷಧಕ್ಕೆ ಬಗ್ಗದ ಕ್ಷಯ: ಹೊಣೆ ಯಾರದು?

ಭಾರತವನ್ನು 2025ರೊಳಗೆ ಕ್ಷಯಮುಕ್ತಗೊಳಿಸುವ ಸಂಕಲ್ಪವನ್ನು ಪ್ರಧಾನಮಂತ್ರಿಯವರು 2018ರ ಮಾರ್ಚ್ ತಿಂಗಳಲ್ಲಿ ಪ್ರಕಟಿಸಿದಾಗ, ಜಗತ್ತು ತನಗೆ ತಾನೇ ಹಾಕಿಕೊಂಡಿದ್ದ 2030ರ ಗಡುವಿಗಿಂತ ನಾವು ಐದು ವರ್ಷ ಮುಂದಿದ್ದೆವು. ಗಡುವು ಕೈಗೂಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಲಕ್ಷ ಜನಸಂಖ್ಯೆಗೆ 237ರಷ್ಟಿದ್ದ ಹೊಸ ರೋಗಿಗಳ ಪ್ರಮಾಣ 2023ರಲ್ಲಿ 195ಕ್ಕೆ ಇಳಿದಿತ್ತು. ರಾಷ್ಟ್ರೀಯ ಕಾರ್ಯಯೋಜನೆ 2025ಕ್ಕೆ ಇಟ್ಟುಕೊಂಡಿದ್ದ ಗುರಿ 44. ಇಳಿಕೆ ಆಗಿಯೇ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಗುರಿಗೂ ಸಾಧನೆಗೂ ನಡುವಿನ ಅಂತರ ಸಣ್ಣದಲ್ಲ. 2023ರಲ್ಲಿ ಜಗತ್ತಿನಾದ್ಯಂತ ಕ್ಷಯಕ್ಕೆ ತುತ್ತಾದ ಸುಮಾರು 1.08 ಕೋಟಿ ಜನರಲ್ಲಿ ಶೇ 26ರಷ್ಟು ಮಂದಿ ಭಾರತೀಯರು. ಅದೇ ವರ್ಷ ಈ ರೋಗ ಜಗತ್ತಿನಲ್ಲಿ 12.5 ಲಕ್ಷ ಜೀವಗಳನ್ನು ತೆಗೆದುಕೊಂಡಿತು.

ಗಡುವು ತಪ್ಪಿದ್ದು ದೊಡ್ಡ ಆತಂಕವಲ್ಲ, ಗಡುವನ್ನು ಮುಂದೂಡಬಹುದು. ಮುಂದೂಡಲಾಗದ ಸಂಗತಿಯೊಂದಿದೆ. ಅದು ಔಷಧಗಳಿಗೆ ಬಗ್ಗದ ಕ್ಷಯಾಣುಗಳ ಬೆಳವಣಿಗೆ. ಸಾಮಾನ್ಯ ಕ್ಷಯವನ್ನು ಆರು ತಿಂಗಳಲ್ಲಿ, ಅಗ್ಗದ ಗುಳಿಗೆಗಳಿಂದ ಗುಣಪಡಿಸಬಹುದು. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎಂಬ ಎರಡು ಮುಖ್ಯ ಔಷಧಗಳಿಗೆ ಜಗ್ಗದ ಬಹುಔಷಧ ನಿರೋಧಕ ಕ್ಷಯದ ಚಿಕಿತ್ಸೆಗೆ ಬಹುಕಾಲ ಎರಡು ವರ್ಷಗಳೇ ಬೇಕಾಗಿದ್ದವು. ಕಿವಿಯನ್ನೇ ಕೆಡಿಸಬಲ್ಲ ಚುಚ್ಚುಮದ್ದುಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡರೂ ಗುಣವಾಗುವ ಭರವಸೆ ಅರ್ಧದಷ್ಟೇ ಇತ್ತು. ಇಂಥ ರೋಗಾಣು ಹುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ರೋಗಿ ಗುಳಿಗೆಯನ್ನು ನಡುವೆ ನಿಲ್ಲಿಸಿದ, ಅವನ ಅಸಡ್ಡೆಯೇ ಕಾರಣ. ಈ ಉತ್ತರ ಅರೆಸತ್ಯ. ವಿಜ್ಞಾನವನ್ನೂ ಆಡಳಿತದ ಚರಿತ್ರೆಯನ್ನೂ ಜೊತೆಗಿಟ್ಟು ನೋಡಿದರೆ ಹೊಣೆಯ ದೊಡ್ಡ ಪಾಲು ಬೇರೆಡೆಗೆ ಸಲ್ಲುತ್ತದೆ.

ನಿರೋಧಕತೆ ಹೊಸ ಸಮಸ್ಯೆಯೇನಲ್ಲ. ಅದು ಕ್ಷಯದ ಮೊದಲ ಔಷಧದೊಂದಿಗೇ ಹುಟ್ಟಿತು. 1943ರಲ್ಲಿ ಪತ್ತೆಯಾದ ಸ್ಟ್ರೆಪ್ಟೊಮೈಸಿನ್ ಅನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕ್ರಮಬದ್ಧ ಪ್ರಯೋಗಕ್ಕೆ ಒಳಪಡಿಸಿ 1948ರಲ್ಲಿ ಫಲಿತಾಂಶ ಪ್ರಕಟಿಸಿತು. ಔಷಧ ಪಡೆದ 55 ರೋಗಿಗಳಲ್ಲಿ ಆರು ತಿಂಗಳೊಳಗೆ ಸತ್ತವರು ನಾಲ್ವರು. ಬರಿಯ ವಿಶ್ರಾಂತಿ ಪಡೆದ 52 ಮಂದಿಯಲ್ಲಿ ಹದಿನಾಲ್ವರು. ಜಯಭೇರಿ ಹೊಡೆಯಬಹುದಾದ ಫಲಿತಾಂಶ. ಆದರೆ ಪರೀಕ್ಷೆಗೆ ಒಳಪಡಿಸಿದ 41 ರೋಗಿಗಳ ಪೈಕಿ 35 ಮಂದಿಯ ಕಫದಲ್ಲಿ ಸ್ಟ್ರೆಪ್ಟೊಮೈಸಿನ್‌ಗೆ ಸಾಯದ ರೋಗಾಣುಗಳು ಆಗಲೇ ಕಾಣಿಸಿಕೊಂಡಿದ್ದವು. ಐದು ವರ್ಷ ಕಳೆಯುವಷ್ಟರಲ್ಲಿ ಮೊದಲ ಗುಂಪಿನ 32 ಮಂದಿ, ಎರಡನೆಯ ಗುಂಪಿನ 35 ಮಂದಿ ತೀರಿಕೊಂಡಿದ್ದರು. ಆರಂಭದ ಲಾಭದ ಬಹುಪಾಲನ್ನು ರೋಗಾಣು ಮರಳಿ ಕಸಿದುಕೊಂಡಿತ್ತು. ಆ ರೋಗಿಗಳು ಒಂದು ದಿನವೂ ಚಿಕಿತ್ಸೆ ತಪ್ಪಿಸಿದವರಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ, ನುರಿತ ವೈದ್ಯರ ಕಣ್ಣೆದುರಿನಲ್ಲೇ ಇದ್ದವರು. ತಪ್ಪಿದ್ದು ಲೆಕ್ಕಾಚಾರ: ಒಂಟಿ ಔಷಧವನ್ನು ಕೊಡಲಾಗಿತ್ತು.

ಆ ಲೆಕ್ಕ ಸರಳವಾದದ್ದು. ಹೊಟ್ಟೆಯ ಸೋಂಕು ತರುವ ಅನೇಕ ಬ್ಯಾಕ್ಟೀರಿಯಾಗಳು ನಿರೋಧಕತೆಯ ವಂಶವಾಹಿಗಳನ್ನು ನೆರೆಹೊರೆಯ ಬ್ಯಾಕ್ಟೀರಿಯಾಗಳಿಂದ ಸಾಲ ಪಡೆಯುತ್ತವೆ. ಕ್ಷಯಾಣುವಿಗೆ ಆ ವಿದ್ಯೆ ಇಲ್ಲ. ಅದರಲ್ಲಿ ನಿರೋಧಕತೆ ಹುಟ್ಟುವುದು ತನ್ನದೇ ವಂಶವಾಹಿಗಳಲ್ಲಿ ಆಕಸ್ಮಿಕವಾಗಿ ಆಗುವ ಅಕ್ಷರದೋಷಗಳಿಂದ, ಎಂದರೆ ಉತ್ಪರಿವರ್ತನೆಗಳಿಂದ. ಐಸೋನಿಯಾಜಿಡ್‌ಗೆ ಬಗ್ಗದ ಕ್ಷಯಾಣು ಸರಿಸುಮಾರು 10 ಲಕ್ಷಕ್ಕೆ ಒಂದರಂತೆಯೂ, ರಿಫಾಂಪಿಸಿನ್‌ಗೆ ಬಗ್ಗದ್ದು 10 ಕೋಟಿಗೆ ಒಂದರಂತೆಯೂ ತಾನಾಗಿ ಇದ್ದೇ ಇರುತ್ತದೆ. ರೋಗಿಯ ಶ್ವಾಸಕೋಶದಲ್ಲಿ ಗುಳಿ ಬಿದ್ದ ಒಂದು ಗಾಯದಲ್ಲಿ ಒಂದು ಕೋಟಿಯಿಂದ ನೂರು ಕೋಟಿಯವರೆಗೆ ಕ್ಷಯಾಣುಗಳಿರಬಹುದು. ಹೀಗಾಗಿ ಒಂದೇ ಔಷಧ ಕೊಟ್ಟರೆ ಅದಕ್ಕೆ ಬಗ್ಗದವು ಖಂಡಿತ ಉಳಿದುಕೊಳ್ಳುತ್ತವೆ; ಉಳಿದವೇ ಬೆಳೆದು ಇಡೀ ಗಾಯವನ್ನು ಆವರಿಸುತ್ತವೆ. ಎರಡೂ ಔಷಧಗಳನ್ನು ಏಕಕಾಲಕ್ಕೆ ಕೊಟ್ಟರೆ, ಎರಡಕ್ಕೂ ಬಗ್ಗದ ಕ್ಷಯಾಣುವಿನ ಸಂಭವ ಕೋಟಿ ಕೋಟಿಗೆ ಒಂದು. ಅಷ್ಟು ರೋಗಾಣುಗಳು ಯಾವ ಮನುಷ್ಯನ ದೇಹದಲ್ಲಿಯೂ ಇರುವುದಿಲ್ಲ. ಕ್ಷಯಕ್ಕೆ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿಯ ಹಿಂದಿರುವ ತರ್ಕ ಇಷ್ಟೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಬೇಕು. ಔಷಧ ನಿರೋಧಕತೆಯನ್ನು ಸೃಷ್ಟಿಸುವುದಿಲ್ಲ. ಅದು ಮೊದಲೇ ಇರುವ ನಿರೋಧಕ ರೋಗಾಣುವನ್ನು ಆರಿಸಿ ಬೆಳೆಯಲು ಬಿಡುತ್ತದೆ. ಡಾರ್ವಿನ್ ವಿವರಿಸಿದ ಜೀವವಿಕಾಸದ ನಿಯಮವೇ ಇದು. ಅಕ್ಷರದೋಷ ರೋಗಾಣುವಿನ ಕೆಲಸ. ಅದು ಕುರುಡು, ಅದಕ್ಕೆ ಉದ್ದೇಶವಿಲ್ಲ. ಆಯ್ಕೆ ಮಾತ್ರ ನಮ್ಮದು. ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ಕಾಲ, ಯಾವುದರ ಜೊತೆ ಎಂಬ ಪ್ರತಿ ತೀರ್ಮಾನವೂ ಯಾವ ರೋಗಾಣು ಉಳಿಯಬೇಕೆಂಬ ತೀರ್ಮಾನವೇ ಆಗಿರುತ್ತದೆ. ವೈದ್ಯರ ಚೀಟಿ, ಔಷಧ ಖರೀದಿಯ ಟೆಂಡರು, ಉಗ್ರಾಣದ ದಾಸ್ತಾನು ಪುಸ್ತಕ, ಆಯವ್ಯಯದ ಅಂಕಿಗಳು ಇವೆಲ್ಲವೂ ಈ ಅರ್ಥದಲ್ಲಿ ಕ್ಷಯಾಣುವಿನ ವಿಕಾಸದಲ್ಲಿ ಪಾಲುದಾರರು.

ಕ್ಷಯಾಣುವಿಗೆ ಮತ್ತೊಂದು ಗುಣವಿದೆ: ತಾಳ್ಮೆ. ಅನುಕೂಲ ಸ್ಥಿತಿಯಲ್ಲಿ ಕರುಳಿನ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ ಕ್ಷಯಾಣು ಇಮ್ಮಡಿಯಾಗಲು 20 ಗಂಟೆಗಳಷ್ಟು ತೆಗೆದುಕೊಳ್ಳುತ್ತದೆ. ನಿರೋಧಕವಲ್ಲದಿದ್ದರೂ ಔಷಧದ ದಾಳಿಯನ್ನು ಸಹಿಸಿಕೊಂಡು ಅಡಗಿ ಕುಳಿತುಕೊಳ್ಳುವ ಒಂದಿಷ್ಟು ಕ್ಷಯಾಣುಗಳು ಯಾವಾಗಲೂ ಇರುತ್ತವೆ. ಚಿಕಿತ್ಸೆ ಆರು ತಿಂಗಳು ಹಿಡಿಯುವುದು ಇವುಗಳಿಂದಾಗಿಯೇ. ಈ ಅಡಗುಕೋರರ ಕುರಿತು ನಮ್ಮ ನಾಡಿನಲ್ಲೇ ಮಹತ್ವದ ಸಂಶೋಧನೆ ನಡೆದಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಟಿ. ರಾಮಕೃಷ್ಣನ್ ಅವರು ದಶಕಗಳ ಹಿಂದೆ ಕ್ಷಯಾಣುವಿನ ಜೀವರಸಾಯನದ ಅಧ್ಯಯನಕ್ಕೆ ಭದ್ರ ಅಡಿಪಾಯ ಹಾಕಿದ್ದರು. ಅದೇ ಸಂಸ್ಥೆಯ ಪ್ರೊ. ಪಿ. ಅಜಿತ್‌ಕುಮಾರ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕ್ಷಯಾಣುಗಳನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಔಷಧದಲ್ಲೇ ಇರಿಸಿ ಗಮನಿಸಿದರು. ಬಹುಪಾಲು ಸತ್ತವು, ಅಲ್ಪಸಂಖ್ಯೆಯವು ಸಾಯದೆ ಉಳಿದವು. ಹಾಗೆ ಉಳಿದವುಗಳ ಒಳಗೆ ಹೈಡ್ರಾಕ್ಸಿಲ್ ಎಂಬ ಉಗ್ರ ರಾಸಾಯನಿಕ ಕಣಗಳು ಹೆಚ್ಚಿ, ಅವು ಡಿಎನ್‌ಎಗೆ ಹಾನಿ ಮಾಡಿ, ಹೊಸ ಅಕ್ಷರದೋಷಗಳನ್ನು ಹುಟ್ಟಿಸುತ್ತಿದ್ದವು. ಆ ದೋಷಗಳ ಪೈಕಿ ಕೆಲವು ಔಷಧವನ್ನೇ ಸೋಲಿಸುವಂಥವು. ಸಹಿಸಿಕೊಂಡು ಅಡಗಿದ್ದವುಗಳಿಂದಲೇ ನಿರೋಧಕ ಸಂತತಿ ಮೇಲೆದ್ದು ಬಂತು. ಚಿಕಿತ್ಸೆ ಎಳೆದಾಡಿದಷ್ಟೂ, ಔಷಧದ ಪ್ರಮಾಣ ಅರೆಬರೆಯಾದಷ್ಟೂ ಅಪಾಯ ಹೆಚ್ಚು ಎಂಬ ಅನುಭವದ ಮಾತಿಗೆ ಇದು ಪ್ರಯೋಗಾಲಯದಿಂದ ದೊರೆತ ಪುಷ್ಟಿ.

2019ರಲ್ಲಿ ಅದೇ ಸಂಸ್ಥೆಯ ಡಾ. ಅಮಿತ್ ಸಿಂಗ್ ಅವರ ತಂಡ ಇನ್ನೊಂದು ದಾರಿಯನ್ನು ತೋರಿಸಿತು. ನಮ್ಮ ರಕ್ಷಕ ಕೋಶಗಳ ಒಳಗಿನ ಆಮ್ಲೀಯ ವಾತಾವರಣವನ್ನೇ ಸಂಕೇತವಾಗಿ ಬಳಸಿಕೊಂಡು ಕೆಲವು ಕ್ಷಯಾಣುಗಳು ಔಷಧವನ್ನು ಸಹಿಸುವ ಸ್ಥಿತಿಗೆ ಹೊರಳುತ್ತವೆ ಎಂದೂ, ಮಲೇರಿಯಾಕ್ಕೆ ಕೊಡುವ ಹಳೆಯ ಔಷಧವಾದ ಕ್ಲೋರೋಕ್ವಿನ್ ಆ ಆಮ್ಲೀಯತೆಯನ್ನು ತಗ್ಗಿಸಿ, ಪ್ರಾಣಿಗಳಲ್ಲಿ ಕ್ಷಯದ ಔಷಧಗಳ ಪರಿಣಾಮವನ್ನು ಹೆಚ್ಚಿಸುತ್ತದೆ ಎಂದೂ ಅವರು ಕಂಡುಕೊಂಡರು. ಇದು ಮನುಷ್ಯರ ಚಿಕಿತ್ಸೆಯಾಗಿ ಸಿದ್ಧವಾಗಿದೆ ಎಂದು ಯಾರೂ ಭಾವಿಸಬಾರದು. ಆದರೆ ಹೊಸ ಔಷಧವನ್ನು ಹುಡುಕುವಷ್ಟೇ ಇರುವ ಔಷಧವನ್ನು ಹರಿತವಾಗಿ ಉಳಿಸಿಕೊಳ್ಳುವುದೂ ಮುಖ್ಯವೆಂಬ ಚಿಂತನೆ ಇದರಲ್ಲಿದೆ.

ರೋಗಾಣುವಿನ ವಿಷಯ ಇಷ್ಟಾಯಿತು. ಇನ್ನು ನಮ್ಮ ವಿಷಯ. ಇದಕ್ಕೂ ಕರ್ನಾಟಕವೇ ಸಾಕ್ಷಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. ಸಂಸ್ಥೆಯ ಸಮಾಜವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಕ್ಷಯವಿದ್ದವರಲ್ಲಿ ಅರ್ಧದಷ್ಟು ಮಂದಿ ತಾವಾಗಿಯೇ ಚಿಕಿತ್ಸೆ ಅರಸಿ ಆಸ್ಪತ್ರೆಗಳ ಬಾಗಿಲಿಗೆ ಹೋಗಿದ್ದರು. ರೋಗವನ್ನು ಗುರುತಿಸದೆ ಕೆಮ್ಮಿನ ಔಷಧ ಕೊಟ್ಟು ಅವರನ್ನು ಮನೆಗೆ ಕಳುಹಿಸಲಾಗಿತ್ತು. ರೋಗಿ ಬಂದಿದ್ದ, ವ್ಯವಸ್ಥೆ ಇರಲಿಲ್ಲ. ಅರುವತ್ತು ವರ್ಷಗಳ ಹಿಂದಿನ ಈ ಮಾತನ್ನು ಇಂದಿಗೂ ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿನ ಮೇಲೆ ಬರೆದಿಡಬಹುದು.

ಇದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಡೆಸಿದ ಮತ್ತೊಂದು ಅಧ್ಯಯನ, ವ್ಯವಸ್ಥಿತ ಚಿಕಿತ್ಸೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ದಾಖಲಿಸಿತು. ಕಫದಲ್ಲಿ ಕ್ಷಯಾಣು ಇದ್ದವರ ಪೈಕಿ ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಸತ್ತಿದ್ದರು. ಮೂರನೆಯ ಒಂದು ಪಾಲು ತಾವಾಗಿ ಗುಣವಾಗಿದ್ದರು. ಶೇ 18ರಷ್ಟು ಮಂದಿ ಇನ್ನೂ ರೋಗವನ್ನು ಹರಡುತ್ತಿದ್ದರು. ಈಗ ಅರೆಬರೆ ಚಿಕಿತ್ಸೆಯನ್ನು ಊಹಿಸಿಕೊಳ್ಳಿ. ಅದು ರೋಗಿಯನ್ನು ಸಾವಿನಿಂದ ತಪ್ಪಿಸಬಹುದು, ಆದರೆ ರೋಗಾಣುವಿನಿಂದ ಬಿಡುಗಡೆ ಮಾಡುವುದಿಲ್ಲ. ಅವನು ಬದುಕಿ, ಕೆಮ್ಮುತ್ತಾ, ಔಷಧದ ರುಚಿ ಕಂಡ ರೋಗಾಣುವನ್ನು ನೆರೆಯವರಿಗೆ ದಾಟಿಸುತ್ತಾನೆ. ಕ್ಷಯದಲ್ಲಿ ಅರೆ ಚಿಕಿತ್ಸೆ ಅರೆ ಒಳಿತಲ್ಲ. ಅದು ಚಿಕಿತ್ಸೆ ಇಲ್ಲದಿರುವುದಕ್ಕಿಂತಲೂ ಸಮಾಜಕ್ಕೆ ಹೆಚ್ಚು ದುಬಾರಿಯಾಗಬಲ್ಲದು.

ಅರೆ ಚಿಕಿತ್ಸೆ ಎಲ್ಲಿಂದ ಬಂತು? ಮೊದಲನೆಯದಾಗಿ, ನಿಯಂತ್ರಣವಿಲ್ಲದ ಖಾಸಗಿ ವೈದ್ಯಕೀಯದಿಂದ. ಮುಂಬಯಿಯ 100 ಖಾಸಗಿ ವೈದ್ಯರು ಕ್ಷಯಕ್ಕೆ 80 ಬಗೆಯ ಚಿಕಿತ್ಸಾ ಕ್ರಮಗಳನ್ನು ಬರೆದುಕೊಡುತ್ತಿದ್ದರೆಂದು 1991ರ ಅಧ್ಯಯನವೊಂದು ತೋರಿಸಿತು. ಸುಮಾರು ಎರಡು ದಶಕಗಳ ಬಳಿಕ, 2010ರಲ್ಲಿ, ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು ಧಾರಾವಿಯ 106 ವೈದ್ಯರನ್ನು ವಿಚಾರಿಸಿದಾಗ ದೊರೆತದ್ದು 63 ಬಗೆಯ ಚೀಟಿಗಳು. ಸರಿಯಾದ ಚೀಟಿ ಬರೆದವರು ಆರು ಮಂದಿ. ಬಳಿಕ ಏನಾಯಿತು ಎಂಬುದೂ ಗೊತ್ತಿದೆ. ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗದ ಕ್ಷಯದ ಪ್ರಕರಣಗಳನ್ನು ಮುಂಬಯಿಯ ಹಿಂದೂಜಾ ಆಸ್ಪತ್ರೆಯಿಂದ ಅವರೇ 2011ರ ಕೊನೆಗೆ ವರದಿ ಮಾಡಿದಾಗ ದೇಶ ಬೆಚ್ಚಿಬಿತ್ತು.

ಎರಡನೆಯದಾಗಿ, ಸರ್ಕಾರಿ ಕಾರ್ಯಕ್ರಮದಿಂದಲೇ. ಇದನ್ನು ಹೇಳಲು ಸಂಕೋಚಪಡಬೇಕಿಲ್ಲ. ವಿಫಲವಾಗುತ್ತಿರುವ ಚಿಕಿತ್ಸೆಗೆ ಒಂದೇ ಒಂದು ಹೊಸ ಔಷಧವನ್ನು ಸೇರಿಸಬಾರದು ಎಂಬುದು ಕ್ಷಯ ಚಿಕಿತ್ಸೆಯ ಮೂಲಪಾಠ. ಹಾಗೆ ಮಾಡಿದರೆ ವಾಸ್ತವದಲ್ಲಿ ಒಂಟಿ ಔಷಧ ಕೊಟ್ಟಂತೆಯೇ, 1948ರ ಲೆಕ್ಕ ಮರುಕಳಿಸುತ್ತದೆ. ಹಾಗಿದ್ದೂ, ಮೊದಲ ಚಿಕಿತ್ಸೆ ಫಲಿಸದವರಿಗೆ ಅದೇ ಔಷಧಗಳ ಜೊತೆ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಸೇರಿಸುವ ಎರಡನೇ ದರ್ಜೆಯ ಚಿಕಿತ್ಸಾ ಕ್ರಮ ಜಗತ್ತಿನಾದ್ಯಂತ ದಶಕಗಳ ಕಾಲ ಅಧಿಕೃತವಾಗಿತ್ತು. ಅದನ್ನು ಕೈಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2017ರಲ್ಲಿ. ನಮ್ಮಲ್ಲಿ 1997ರಲ್ಲಿ ವಿಸ್ತರಣೆಗೊಂಡ ಪರಿಷ್ಕೃತ ಕಾರ್ಯಕ್ರಮ ವಾರಕ್ಕೆ ಮೂರು ದಿನ ಮಾತ್ರ ಔಷಧ ಕೊಡುತ್ತಿತ್ತು. ರೋಗಿ ನುಂಗುವುದನ್ನು ಸಿಬ್ಬಂದಿ ಕಣ್ಣಾರೆ ನೋಡಲು ಅದು ಅನುಕೂಲವಾಗಿತ್ತು. ಪ್ರತಿದಿನ ಔಷಧ ನೀಡುವ ಕ್ರಮಕ್ಕೆ ದೇಶ ಹೊರಳಿದ್ದು ಸುಪ್ರೀಂ ಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವಿಚಾರಣೆಗೆ ಬಂದ ಮೇಲೆ, 2017ರಲ್ಲಿ. ಈ ಕಾರ್ಯಕ್ರಮ ಲಕ್ಷಾಂತರ ಜೀವಗಳನ್ನು ಉಳಿಸಿದೆ ಎಂಬುದು ನಿರ್ವಿವಾದ. ಆದರೆ ಆಡಳಿತದ ಅನುಕೂಲ ಮತ್ತು ರೋಗಾಣುವಿನ ತರ್ಕ ಎದುರುಬದುರಾದಾಗ ನಾವು ಬಹುಕಾಲ ಆಡಳಿತದ ಅನುಕೂಲವನ್ನೇ ಆರಿಸಿಕೊಂಡೆವು ಎಂಬುದೂ ಅಷ್ಟೇ ನಿರ್ವಿವಾದ.

ಪರಿಣಾಮವನ್ನು ಅಳೆದದ್ದೂ ಬೆಂಗಳೂರೇ. 2014ರಿಂದ 2016ರವರೆಗೆ ನಡೆದ ರಾಷ್ಟ್ರೀಯ ಔಷಧ ನಿರೋಧಕತೆ ಸಮೀಕ್ಷೆಯಲ್ಲಿ ದೇಶದ ನಾನಾ ಭಾಗಗಳ 5,280 ರೋಗಿಗಳ ಕಫದ ಮಾದರಿಗಳನ್ನು ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪ್ರಯೋಗಾಲಯ ಪರೀಕ್ಷಿಸಿತು. ಶೇ 28ರಷ್ಟು ಮಂದಿಯಲ್ಲಿ ಯಾವುದಾದರೊಂದು ಕ್ಷಯ ಔಷಧಕ್ಕೆ ನಿರೋಧಕತೆ ಇತ್ತು. ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ 11.60ರಷ್ಟು ಮಂದಿಗೆ ಬಹುಔಷಧ ನಿರೋಧಕ ಕ್ಷಯವಿತ್ತು. ಇದಕ್ಕಿಂತ ಮನಕಲಕುವ ಅಂಕಿ ಇನ್ನೊಂದಿದೆ: ಹಿಂದೆ ಚಿಕಿತ್ಸೆಯನ್ನೇ ಪಡೆಯದ ಹೊಸ ರೋಗಿಗಳಲ್ಲಿಯೂ ಶೇ 2.84ರಷ್ಟು ಮಂದಿಗೆ ಅದೇ ರೋಗ. ಶೇಕಡಾವಾರು ಸಣ್ಣದಾಗಿ ಕಂಡರೂ ಹೊಸ ರೋಗಿಗಳ ಒಟ್ಟು ಸಂಖ್ಯೆ ಬಹು ದೊಡ್ಡದೆಂಬುದನ್ನು ಮರೆಯಬಾರದು. ಇವರು ಗುಳಿಗೆ ತಪ್ಪಿಸಿದವರಲ್ಲ, ಗುಳಿಗೆಯನ್ನೇ ಕಾಣದವರು. ಬಸ್ಸಿನಲ್ಲೋ, ಕಾರ್ಖಾನೆಯಲ್ಲೋ, ಮನೆಯ ಒಳಕೋಣೆಯಲ್ಲೋ ಬೇರೊಬ್ಬರ ಉಸಿರಿನಿಂದ ನಿರೋಧಕ ರೋಗಾಣುವನ್ನೇ ನೇರವಾಗಿ ಪಡೆದವರು.

ಹೀಗಿರುವಾಗ ರೋಗಿಯ ಅಸಡ್ಡೆಯ ಕಥೆ ಎಷ್ಟು ದೂರ ಸಾಗೀತು? ಚಿಕಿತ್ಸೆ ನಿಂತುಹೋದವರನ್ನು ಕಡತಗಳಲ್ಲಿ ಬಹುಕಾಲ ‘ಡಿಫಾಲ್ಟರ್’ ಎಂದೇ ಬರೆಯಲಾಗುತ್ತಿತ್ತು. ಬ್ಯಾಂಕಿನ ಸಾಲ ಕಟ್ಟದವರಿಗೆ ಬಳಸುವ ಪದ ಅದು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆ ಪದವನ್ನು ಕೈಬಿಟ್ಟು ‘ಅನುಸರಣೆಗೆ ಸಿಗದೆ ಹೋದವರು’ ಎಂಬರ್ಥದ ಮಾತನ್ನು ಬಳಕೆಗೆ ತಂದಿತು. ಪದ ಬದಲಾದ ಮಾತ್ರಕ್ಕೆ ಮನೋಭಾವ ಬದಲಾಗುವುದಿಲ್ಲ. ಆದರೆ ಯಾರು ಯಾರನ್ನು ಕಳೆದುಕೊಂಡರು ಎಂಬ ಪ್ರಶ್ನೆಯನ್ನಾದರೂ ಹೊಸ ಪದ ಸರಿಯಾದ ದಿಕ್ಕಿಗೆ ತಿರುಗಿಸುತ್ತದೆ.

ಇದು ಮುಂಬಯಿಯ, ಬೆಂಗಳೂರಿನ ಸಮಸ್ಯೆ ಎಂದು ಕರಾವಳಿಯ ನಾವು ನಿಶ್ಚಿಂತರಾಗಿರುವಂತಿಲ್ಲ. ಕೊಂಕಣ ರೈಲು ಮಾರ್ಗದ ದಕ್ಷಿಣದ ತುದಿ ಸುರತ್ಕಲ್‌ಗೆ ಸಮೀಪದ ತೋಕೂರು. ಹೋಟೆಲು, ಕ್ಯಾಂಟೀನುಗಳ ದುಡಿಮೆಗಾಗಿ ತುಳುನಾಡು ತಲೆಮಾರುಗಳಿಂದ ಮುಂಬಯಿಯೊಂದಿಗೆ ನಂಟು ಬೆಳೆಸಿಕೊಂಡಿದೆ. ಇತ್ತ ಬೈಕಂಪಾಡಿಯ ಕೈಗಾರಿಕಾ ಪ್ರದೇಶ, ಪಣಂಬೂರಿನ ಬಂದರು, ಎಲ್ಲೆಡೆ ಏಳುತ್ತಿರುವ ಕಟ್ಟಡಗಳ ಕೆಲಸಕ್ಕೆ ಉತ್ತರ ಕರ್ನಾಟಕದಿಂದಲೂ ಒಡಿಶಾ, ಬಿಹಾರ, ಜಾರ್ಖಂಡ್‌ಗಳಿಂದಲೂ ಕಾರ್ಮಿಕರು ಬರುತ್ತಾರೆ. ಒಂದು ಕೋಣೆಯಲ್ಲಿ ಹಲವರು ಮಲಗುವ ಅವರ ವಸತಿಯನ್ನು ನೋಡಿದವರಿಗೆ, ಗುತ್ತಿಗೆ ಮುಗಿದೊಡನೆ ಊರು ಬದಲಿಸುವ ಅವರ ಬದುಕನ್ನು ಬಲ್ಲವರಿಗೆ, ಆರು ತಿಂಗಳ ಚಿಕಿತ್ಸೆ ಎಲ್ಲಿ ತುಂಡಾಗುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ದಿನಗೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಅವರಿಗೆ ಒಂದು ಹೊತ್ತಿನ ಊಟದ ಪ್ರಶ್ನೆ.

ಊಟದ ಮಾತು ಬಂದಾಗ ಮಂಗಳೂರಿನದೇ ಕೊಡುಗೆಯೊಂದನ್ನು ನೆನೆಯಬೇಕು. ಇಲ್ಲಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ‘ರೇಷನ್ಸ್’ ಎಂಬ ಪ್ರಯೋಗ ನಡೆಯಿತು. 2,800 ಕ್ಷಯರೋಗಿಗಳ ಮನೆಗಳಲ್ಲಿದ್ದ 10,345 ಮಂದಿ ಇದರಲ್ಲಿ ಸೇರಿದ್ದರು. ರೋಗಿಗಳೆಲ್ಲರಿಗೂ ಆಹಾರದ ಪೊಟ್ಟಣ ದೊರೆಯಿತು. ಒಂದು ಗುಂಪಿನಲ್ಲಿ ಮಾತ್ರ ಮನೆಮಂದಿಗೂ ಅಕ್ಕಿ, ಬೇಳೆ, ಜೀವಸತ್ವಗಳನ್ನು ಕೊಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮನೆಮಂದಿಗೂ ಆಹಾರ ದೊರೆತಲ್ಲಿ ಅವರಿಗೆ ಕ್ಷಯ ತಗಲುವ ಪ್ರಮಾಣ ಶೇ 39ರಷ್ಟು, ಹರಡಬಲ್ಲ ಶ್ವಾಸಕೋಶದ ಕ್ಷಯ ಶೇ 48ರಷ್ಟು ಕಡಿಮೆಯಾಯಿತು. ಇದಕ್ಕೂ ನಿರೋಧಕತೆಗೂ ಏನು ಸಂಬಂಧ ಎಂದು ಕೇಳಬಹುದು. ರೋಗಾಣುವಿನ ಸಂತತಿ ಬೆಳೆದಷ್ಟೂ ಅಕ್ಷರದೋಷಗಳ ಅವಕಾಶ ಹೆಚ್ಚು. ತಡೆದ ಪ್ರತಿ ಪ್ರಕರಣವೂ ನಿಂತುಹೋದ ಒಂದು ವಂಶಾವಳಿ. ಔಷಧಕ್ಕೆ ಬಗ್ಗದ ಕ್ಷಯಾಣು ಹುಟ್ಟಬಲ್ಲದು. ಹೊಟ್ಟೆ ತುಂಬಿದ ದೇಹದ ಪ್ರತಿರೋಧವನ್ನು ಹಾಗೆ ಒಂದು ಅಕ್ಷರದೋಷದಿಂದ ದಾಟುವುದು ಸುಲಭವಲ್ಲ. ರೋಗಿಗೆ ತಿಂಗಳಿಗೆ 500 ರೂಪಾಯಿ ನೀಡುತ್ತಿದ್ದ ನಿಕ್ಷಯ್ ಪೋಷಣ ಯೋಜನೆಯ ಮೊತ್ತವನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಿದ್ದು ಸ್ವಾಗತಾರ್ಹ. ಆದರೆ ಮೊತ್ತ ಎಷ್ಟೆಂಬುದರಷ್ಟೇ, ಅದು ಯಾವ ತಿಂಗಳು ಕೈಸೇರುತ್ತದೆ ಎಂಬುದೂ ಮುಖ್ಯ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಪರಿಚಿತ ಸಮಸ್ಯೆಯೊಂದು ಕಾಣುತ್ತದೆ. ಔಷಧದ ಸಾಮರ್ಥ್ಯ ಎಂಬುದು ಸಮುದ್ರದ ಮೀನಿನಂತೆ ಎಲ್ಲರ ಸೊತ್ತು. ಒಬ್ಬೊಬ್ಬರೂ ತಮ್ಮ ತಕ್ಷಣದ ಲಾಭಕ್ಕೆ ಬಳಸಿದರೆ ಎಲ್ಲರಿಗೂ ಬರಿದಾಗುತ್ತದೆ. ಮರಿಯಿಡುವ ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಷ್ಟವಿದ್ದರೂ ಮೀನುಗಾರರು ಇದನ್ನು ಒಪ್ಪಿಕೊಂಡಿರುವುದು ನಿಯಮ ಎಲ್ಲರಿಗೂ ಒಂದೇ ಆಗಿರುವುದರಿಂದ. ಔಷಧದ ವಿಷಯದಲ್ಲಿ ನಿಯಮವಿದೆ, ಒಪ್ಪಿಗೆ ಇಲ್ಲ. ಕ್ಷಯದ ಔಷಧಗಳೂ ಸೇರಿದಂತೆ 46 ಔಷಧಗಳನ್ನು 2014ರ ಮಾರ್ಚ್‌ನಿಂದ ಎಚ್1 ಅನುಸೂಚಿಗೆ ಸೇರಿಸಲಾಗಿದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕವನ್ನು ತೆರೆದು ನೋಡುವವರು ಎಷ್ಟು ಮಂದಿ? ಸಾಧಾರಣ ಕೆಮ್ಮು ಜ್ವರಕ್ಕೆ ಲಿವೊಫ್ಲಾಕ್ಸಾಸಿನ್ ಬರೆಯುವುದೂ, ಕೇಳಿ ಪಡೆಯುವುದೂ ವಿದ್ಯಾವಂತರ ಮನೆಗಳಲ್ಲೇ ರೂಢಿಯಾಗಿದೆ. ಆ ಕುಟುಂಬದ ಔಷಧಗಳೇ ನಿರೋಧಕ ಕ್ಷಯದ ಚಿಕಿತ್ಸೆಯ ಆಧಾರಸ್ತಂಭ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಬಹುಔಷಧ ನಿರೋಧಕ ರೋಗಿಗಳ ಐದನೆಯ ಒಂದು ಪಾಲಿಗೂ ಹೆಚ್ಚು ಮಂದಿಯಲ್ಲಿ ಈ ಔಷಧಗಳೂ ಆಗಲೇ ಸೋತಿದ್ದವು.

ಹೊಸ ಔಷಧಗಳು ಬಂದಿವೆಯಲ್ಲ ಎಂಬ ಸಮಾಧಾನವೂ ಇದೆ. ರಿಫಾಂಪಿಸಿನ್ ಬಂದ ಸುಮಾರು 40 ವರ್ಷಗಳ ಬಳಿಕ, 2012ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ ಬೆಡಾಕ್ವಿಲಿನ್‌ಗೆ ಅನುಮತಿ ದೊರೆಯಿತು. ಅದರ ಏಕಸ್ವಾಮ್ಯವನ್ನು ಇನ್ನಷ್ಟು ವರ್ಷ ಮುಂದುವರಿಸುವ ಅರ್ಜಿಯನ್ನು ಭಾರತದ ಪೇಟೆಂಟ್ ಕಚೇರಿ 2023ರ ಮಾರ್ಚ್‌ನಲ್ಲಿ ತಿರಸ್ಕರಿಸಿತು. ಕ್ಷಯವನ್ನು ಗೆದ್ದು, ಚಿಕಿತ್ಸೆಯಲ್ಲಿ ಶ್ರವಣಶಕ್ತಿ ಕಳೆದುಕೊಂಡ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ ಎಂಬ ಇಬ್ಬರು ಮಹಿಳೆಯರು ಹೂಡಿದ ಆಕ್ಷೇಪದ ಫಲ ಅದು. ಬೆಡಾಕ್ವಿಲಿನ್ ಒಳಗೊಂಡ ಆರು ತಿಂಗಳ, ಚುಚ್ಚುಮದ್ದಿಲ್ಲದ ಚಿಕಿತ್ಸಾ ಕ್ರಮಕ್ಕೆ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಇದು ನಿಜವಾದ ಮುನ್ನಡೆ. ಆದರೆ ಈ ಔಷಧ ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದರ ಅಂಶ ಅರ್ಧಕ್ಕಿಳಿಯಲು ಐದು ತಿಂಗಳಿಗೂ ಹೆಚ್ಚು ಕಾಲ ಬೇಕು. ಚಿಕಿತ್ಸೆ ನಡುವೆ ನಿಂತರೆ ಜೊತೆಯ ಔಷಧಗಳು ಬೇಗನೆ ಕರಗಿಹೋಗಿ ಬೆಡಾಕ್ವಿಲಿನ್ ಒಂಟಿಯಾಗಿ ಉಳಿಯುತ್ತದೆ. ಒಂಟಿ ಔಷಧ ಏನು ಮಾಡುತ್ತದೆಂಬುದನ್ನು 1948ರಲ್ಲೇ ಕಂಡಿದ್ದೇವೆ. ಹಳೆಯ ಔಷಧಗಳಿಗಿಂತ ಹೊಸ ಔಷಧಕ್ಕೆ ಅಡೆತಡೆಯಿಲ್ಲದ ಪೂರೈಕೆ ಹೆಚ್ಚು ಅಗತ್ಯ.

ಮತ್ತೊಂದು ಹೊಸ ಔಷಧ ಬೇಗ ಬರುತ್ತದೆಂಬ ಭರವಸೆಯೂ ಬೇಡ. ಬಹುರಾಷ್ಟ್ರೀಯ ಕಂಪನಿಯಾದ ಆಸ್ಟ್ರಾಜೆನೆಕಾ 2003ರಲ್ಲಿ ಬೆಂಗಳೂರಿನಲ್ಲಿ ಕ್ಷಯದ ಔಷಧ ಶೋಧಕ್ಕೆ ಸಂಶೋಧನಾ ಕೇಂದ್ರ ತೆರೆಯಿತು. 2014ರಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಬಡವರ ರೋಗಕ್ಕೆ ಮಾರುಕಟ್ಟೆ ಔಷಧ ಹುಡುಕಿಕೊಡುವುದಿಲ್ಲ ಎಂಬ ಪಾಠ ನಮ್ಮೂರಿನಲ್ಲೇ ದೊರೆತಿದೆ. ಆದ್ದರಿಂದಲೇ ಸಾರ್ವಜನಿಕ ಹಣದ ಸಂಶೋಧನೆಗೆ ಬೆಲೆ. ಕೆಲವೇ ಗಂಟೆಗಳೊಳಗೆ ಕ್ಷಯಾಣುವನ್ನೂ ರಿಫಾಂಪಿಸಿನ್ ನಿರೋಧಕತೆಯನ್ನೂ ಪತ್ತೆಮಾಡುವ ಟ್ರೂನ್ಯಾಟ್ ಉಪಕರಣ ಬೆಂಗಳೂರಿನಲ್ಲೇ ರೂಪುಗೊಂಡು, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದದ್ದು ನಮ್ಮ ಶಕ್ತಿಗೆ ಸಾಕ್ಷಿ.

ಮಾಡಬೇಕಾದುದೇನು? ಮೊದಲನೆಯದು, ಔಷಧದ ದಾಸ್ತಾನು. 2024ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಪೂರೈಕೆ ವಿಳಂಬವಾಗಬಹುದಾದ್ದರಿಂದ ಮೂರು ತಿಂಗಳ ಮಟ್ಟಿಗೆ ಕ್ಷಯದ ಔಷಧಗಳನ್ನು ಸ್ಥಳೀಯವಾಗಿ ಖರೀದಿಸಿಕೊಳ್ಳುವಂತೆ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಟೆಂಡರು ತಡವಾಗುವುದಕ್ಕೆ ಆಡಳಿತದಲ್ಲಿ ನೂರು ಕಾರಣಗಳಿರುತ್ತವೆ, ಬಹುತೇಕ ಕಾರಣಗಳು ಸಾಚಾ ಆಗಿಯೂ ಇರುತ್ತವೆ ಎಂಬುದನ್ನು ಕಡತಗಳ ನಡುವೆ ಆಯುಷ್ಯ ಕಳೆದ ನನ್ನಂಥವರು ಬಲ್ಲರು. ಆದರೆ ರೋಗಾಣು ವಿವರಣೆ ಕೇಳುವುದಿಲ್ಲ. ಪಡಿತರ ಧಾನ್ಯಕ್ಕೆ ಕಾಪು ದಾಸ್ತಾನು ಇರುವಂತೆ ಕನಿಷ್ಠ ಆರು ತಿಂಗಳ ಔಷಧ ಪ್ರತಿ ರಾಜ್ಯದ ಉಗ್ರಾಣದಲ್ಲಿರಬೇಕು. ಖರೀದಿ ಒಪ್ಪಂದಗಳು ಬಹುವಾರ್ಷಿಕವಾಗಬೇಕು. ಜಿಲ್ಲಾವಾರು ದಾಸ್ತಾನಿನ ವಿವರ ಸಾರ್ವಜನಿಕರ ಕಣ್ಣಿಗೆ ಕಾಣುವಂತಿರಬೇಕು.

ಎರಡನೆಯದು, ಪರೀಕ್ಷೆ. ಈಗ ವ್ಯಾಪಕವಾಗಿರುವ ತ್ವರಿತ ಪರೀಕ್ಷೆಗಳು ಮುಖ್ಯವಾಗಿ ರಿಫಾಂಪಿಸಿನ್ ನಿರೋಧಕತೆಯನ್ನು ನೋಡುತ್ತವೆ. ಸಮೀಕ್ಷೆಯಂತೆ ಹೊಸ ರೋಗಿಗಳಲ್ಲೇ ಶೇ 11ರಷ್ಟು ಮಂದಿಗೆ ಐಸೋನಿಯಾಜಿಡ್ ಕೆಲಸ ಮಾಡುವುದಿಲ್ಲ. ಅದು ಗೊತ್ತಾಗದೆ ಹೋದರೆ, ನಾಲ್ಕು ಔಷಧಗಳೆಂದು ಭಾವಿಸಿ ನಾವು ಕೊಡುವುದು ಮೂರನ್ನು. ಚಿಕಿತ್ಸೆಯ ಮೊದಲ ದಿನಗಳಲ್ಲೇ ಎರಡೂ ಔಷಧಗಳ ಪರೀಕ್ಷೆ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ನಡೆಯಬೇಕು. ಬೆಡಾಕ್ವಿಲಿನ್ ಪಡೆಯುವವರಲ್ಲಿ ಅದರ ನಿರೋಧಕತೆಯನ್ನೂ ನಿಯಮಿತವಾಗಿ ಅಳೆಯಬೇಕು. 2016ಕ್ಕೆ ಮುಗಿದ ಸಮೀಕ್ಷೆಯ ಅಂಕಿಗಳ ಮೇಲೆಯೇ ನೀತಿ ರೂಪಿಸುವುದು ಹಳೆಯ ಭೂಪಟ ಹಿಡಿದು ಹೊಸ ಊರು ಹುಡುಕಿದಂತೆ.

ಮೂರನೆಯದು, ರೋಗಿಯ ಹಿಂದೆ ಹೋಗುವ ವ್ಯವಸ್ಥೆ. ಬೈಕಂಪಾಡಿಯಲ್ಲಿ ಚಿಕಿತ್ಸೆ ಆರಂಭಿಸಿದ ಕಾರ್ಮಿಕ ಗಂಜಾಮಿಗೋ ರಾಯಚೂರಿಗೋ ಹೋದರೆ, ಅವನು ತಲುಪುವ ಮೊದಲೇ ಅವನ ದಾಖಲೆ ಅಲ್ಲಿ ತಲುಪಿರಬೇಕು; ಹೊರಡುವಾಗ ಅವನ ಕೈಯಲ್ಲಿ ಒಂದು ತಿಂಗಳ ಔಷಧವಿರಬೇಕು. ಗುತ್ತಿಗೆದಾರರ ಮೇಲೂ ಕಾರ್ಖಾನೆಗಳ ಮೇಲೂ, ಕ್ಷಯವೆಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯದ ಹೊಣೆಯಿರಬೇಕು. ಕೆಲಸ ಹೋಗುವ ಭಯವಿದ್ದಲ್ಲಿ ಕೆಮ್ಮನ್ನು ಮುಚ್ಚಿಡುತ್ತಾರೆ.

ದಕ್ಷಿಣ ಆಫ್ರಿಕಾದ ತುಗೇಲಾ ಫೆರಿ ಎಂಬ ಗ್ರಾಮೀಣ ಪ್ರದೇಶದ ಹೆಸರು 2006ರಲ್ಲಿ ಜಗತ್ತಿಗೆ ಪರಿಚಯವಾಯಿತು. ಅತಿತೀವ್ರ ನಿರೋಧಕ ಕ್ಷಯಕ್ಕೆ ತುತ್ತಾದ 53 ರೋಗಿಗಳ ಪೈಕಿ 52 ಮಂದಿ ಅಲ್ಲಿ ಸತ್ತಿದ್ದರು. ಆ ರೋಗಾಣುವಿನ ಡಿಎನ್‌ಎಯನ್ನು ಓದಿದ ವಿಜ್ಞಾನಿಗಳು, ಅದು ಐಸೋನಿಯಾಜಿಡ್ ನಿರೋಧಕತೆಯನ್ನು ಗಳಿಸಿದ್ದು 1950ರ ದಶಕದ ಕೊನೆಯಲ್ಲಿ ಎಂದು 2015ರಲ್ಲಿ ಅಂದಾಜಿಸಿದರು. ಆ ಔಷಧ ಬಳಕೆಗೆ ಬಂದದ್ದೇ 1952ರಲ್ಲಿ. ಒಂದು ಲೋಪ ಒಂದು ತಲೆಮಾರಿನಲ್ಲಿ ನಡೆಯುತ್ತದೆ. ಅದರ ಮೇಲೆ ಇನ್ನೊಂದು, ಮತ್ತೊಂದು ಸೇರುತ್ತವೆ. ಬೆಲೆಯನ್ನು ಆಗ ಹುಟ್ಟಿಯೇ ಇರದವರು ತೆರುತ್ತಾರೆ.

ಈ ವರ್ಷದ ಆಯವ್ಯಯದಲ್ಲಿ ಉಳಿಸಿದ ಹಣ, ಖಾಲಿಬಿಟ್ಟ ಪ್ರಯೋಗಾಲಯ ತಂತ್ರಜ್ಞರ ಹುದ್ದೆ, ತಡವಾದ ಒಂದು ಟೆಂಡರು ಇವು ವರ್ಷಾಂತ್ಯದ ಲೆಕ್ಕಪರಿಶೋಧನೆಯಲ್ಲಿ ಹೆಚ್ಚೆಂದರೆ ಒಂದು ಷರಾ ಆಗಿ ಮುಗಿದುಹೋಗಬಹುದು. ಕ್ಷಯಾಣುವಿನ ವಂಶವಾಹಿಗಳಲ್ಲಿ ಅವು ಅಳಿಯದೆ ಉಳಿಯುತ್ತವೆ. ಕ್ಷಯಮುಕ್ತ ಭಾರತಕ್ಕೆ ಹೊಸ ಗಡುವನ್ನು ಘೋಷಿಸುವ ಮೊದಲು, ಯಾವ ರೋಗಿಯ ಔಷಧವೂ ಒಂದು ದಿನ ಕೂಡ ತಪ್ಪದಂತೆ ನೋಡಿಕೊಳ್ಳುತ್ತೇವೆಂಬ ಸಣ್ಣ ಮಾತನ್ನು ಸರ್ಕಾರಗಳು ಕೊಡಲಿ. ರೋಗಿಯಿಂದ ನಾವು ಬಯಸುವ ಶಿಸ್ತನ್ನು ಮೊದಲು ಪಾಲಿಸಬೇಕಾದದ್ದು ಔಷಧ ಕೊಡುವ ಕೈ.